ಒಣಗದ ಗಂಧ

(ಅರಸೀಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಈ ದತ್ತಿಯಲ್ಲಿ ಇದುವರೆಗೆ ಶಾಸನ, ಸಾಹಿತ್ಯ, ಜಾನಪದದ ಬಗ್ಗೆ ಮಾತಾಡಿದವರೇ ಹೆಚ್ಚು. ಈ ಸಲ ಒಬ್ಬ ಮೂಳೆ ಡಾಕ್ಟರನ್ನು ಕರೆದಿದ್ದೀರಿ. ಆಹ್ವಾನ ಕೊಡಲು ಬಂದವರಿಗೆ, ಬೆನ್ನಿಗೆ ರಾಡು ಹಾಕಿದ ಮೇಲೆ ಆಗುವ ಕೀವಿನ ಬಗ್ಗೆ ಮಾತಾಡುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸಾರ್, ಕಾರ್ಯಕ್ರಮ ಊಟ ಆದಮೇಲಿದೆ' ಅಂದರು. ಎಚ್ಚರಿಕೆ ಕೊಟ್ಟಿದ್ದರು; ನಾನು ಕೇಳಲಿಲ್ಲ. ಯಾಕೆಂದರೆ ಇಲ್ಲಿ ಕೂತವರ ಮನೆಯಲ್ಲೋ ಬೀದಿಯಲ್ಲೋ ಬೆನ್ನಿಗೆ ಸ್ಕ್ರೂ ಹಾಕಿಸಿಕೊಂಡವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಎಕ್ಸ್‌ರೇ ತೋರಿಸಿದ್ದಾರೆ, ಬೆಲ್ಟು ಕೊಟ್ಟಿದ್ದಾರೆ, ಬಗ್ಗಬೇಡಿ ಅಂದಿದ್ದಾರೆ. ನಂಜಾದರೆ ಹೇಗೆ ಗೊತ್ತಾಗುತ್ತೆ ಅನ್ನುವುದನ್ನು ಕೂತು ಹೇಳಿದವರು ಕಡಿಮೆ. ಹೇಳದವರಲ್ಲಿ ನಾನೂ ಒಬ್ಬ.

ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡು ಈ ಮೂರು ಊರುಗಳಲ್ಲಿ ಬೆನ್ನು ಮುರಿಯುವ ರೀತಿಯೇ ಬೇರೆ ಬೇರೆ. ಅರಸೀಕೆರೆ ತೆಂಗಿನ ಸೀಮೆ. ದೋಟಿಯಲ್ಲಿ ಕಾಯಿ ಕೀಳುವವರು ಬಚಾವು. ಎಳನೀರಿಗೆ, ಗರಿ ಸವರುವುದಕ್ಕೆ ಮರ ಹತ್ತಿದವರು ಬೀಳುತ್ತಾರೆ. ಕೊಬ್ಬರಿ ಅಟ್ಟದಿಂದ ಜಾರಿದವರನ್ನೂ ನೋಡಿದ್ದೇನೆ. ಬೇಲೂರು ದಾಟಿ ಅರೇಹಳ್ಳಿ, ಬಿಕ್ಕೋಡಿನ ತೋಟಗಳ ಕಡೆ ಹೋದರೆ ಏಣಿ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮೇಲೆ ಮೇಲೆ ಹೋಗುತ್ತೆ, ಏಣಿಯೂ ಹಿಂದೆಯೇ ಹೋಗುತ್ತೆ. ಮೆಣಸು ಕುಯ್ಯುವ ತಿಂಗಳುಗಳಲ್ಲಿ ನಮ್ಮ ವಾರ್ಡಿನ ಬಣ್ಣವೇ ಬದಲಾಗುತ್ತಿತ್ತು. ಹಳೇಬೀಡಿನ ಕಡೆಯಿಂದ ಬಂದವರು ಬಹುಪಾಲು ಬೈಕು, ಟ್ರಾಕ್ಟರಿನವರು. ಎತ್ತರದಿಂದ ಕುಕ್ಕರಿಸಿದಂತೆ ಬಿದ್ದಾಗ ಪೆಟ್ಟು ಹೋಗಿ ನಿಲ್ಲುವುದು ಎದೆಗೂಡಿನ ಬಿಗಿ ಮುಗಿದು ಸೊಂಟದ ಬಾಗು ಶುರುವಾಗುವ ಸಂದಿಯಲ್ಲಿ, ಎದೆಯ ಹನ್ನೆರಡನೇ ಮಣಿ, ಸೊಂಟದ ಮೊದಲ ಮಣಿ. ಅಲ್ಲಿ ಮಣಿ ಪುಡಿಯಾದರೆ ಮೇಲೆರಡು ಕೆಳಗೆರಡು ಮಣಿಗಳಿಗೆ ಸ್ಕ್ರೂ ಹಾಕಿ, ಎಡಕ್ಕೊಂದು ಬಲಕ್ಕೊಂದು ರಾಡು ಕೂಡಿಸಿ ಬಿಗಿಯುತ್ತೇವೆ. ಮೂಳೆ ಕೂಡುವ ತನಕ ಅದು ಒಳಗಿನ ಊರುಗೋಲು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಲ್ ಹ್ಯಾರಿಂಗ್ಟನ್ ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗೆ ಉಕ್ಕಿನ ರಾಡು ಹಾಕಿ ಲೋಕಕ್ಕೆ ತೋರಿಸಿದರು. ಅದೇ ದಶಕದಲ್ಲಿ ಪ್ಯಾರಿಸ್ಸಿನ ರೇಮಂಡ್ ರೋಯ್-ಕಾಮಿಲ್ ಮಣಿಯ ಕುತ್ತಿಗೆಯ ಮೂಲಕ ಸ್ಕ್ರೂ ಇಳಿಸುವ ದಾರಿ ಹಿಡಿದರು. ಈಗ ಅದು ಹಾಸನದಲ್ಲೂ ದಿನನಿತ್ಯದ ಕೆಲಸ.

ಇನ್ನು ಬೇಲೂರಿಗೆ ಹೋಗೋಣ. ಚೆನ್ನಕೇಶವನ ಗುಡಿಯ ಪಕ್ಕದಲ್ಲೇ ಕಪ್ಪೆ ಚೆನ್ನಿಗರಾಯನ ಗುಡಿ ಇದೆ. ಕಥೆ ಎಲ್ಲರಿಗೂ ಗೊತ್ತು. ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಅಂದ ಹುಡುಗ ಡಂಕಣ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಅಂದ ಜಕಣಾಚಾರಿ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಸುತ್ತ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟಾಗ ನೀರಿನ ಜೊತೆ ಕಪ್ಪೆ ಹೊರಬಂತು. ಇದು ಇತಿಹಾಸ ಅಲ್ಲ ಅಂತ ಇತಿಹಾಸದವರು ಹೇಳುತ್ತಾರೆ, ಹೇಳಲಿ. ಹೈಸ್ಕೂಲಿನಲ್ಲಿದ್ದಾಗ ನನಗೆ ಕಪ್ಪೆಯ ಬಗ್ಗೆ ಬೆರಗಿತ್ತು. ಮೆಡಿಕಲ್ ಓದುವಾಗ ಕಡಿದ ಕೈಯ ಬಗ್ಗೆ ಯೋಚಿಸುತ್ತಿದ್ದೆ. ಈಗ, ಇಷ್ಟು ವರ್ಷ ಬೆನ್ನು ಕೊಯ್ದು ಹೊಲಿದ ಮೇಲೆ, ಆ ಕಥೆಯಲ್ಲಿ ನನ್ನ ಕಣ್ಣು ನಿಲ್ಲುವುದು ಗಂಧದ ಮೇಲೆ. ಮೇಲಿನಿಂದ ನುಣುಪಾಗಿರುವ ಒಂದು ವಸ್ತುವಿನೊಳಗೆ ಜೀವ ಕೂತಿದೆಯೇ ಅಂತ ತಿಳಿಯಲು ಆ ಹುಡುಗ ಒಡೆಯಲಿಲ್ಲ, ಬಡಿಯಲಿಲ್ಲ. ಎಲ್ಲ ಕಡೆ ಒಣಗಿ ಒಂದು ಕಡೆ ಹಸಿ ಉಳಿಯುತ್ತದೆಯೇ ಅಂತ ಕಾದು ನೋಡಿದ. ಬೆನ್ನಿನ ಆಪರೇಷನ್ ಆದಮೇಲೆ ನಾವು ಮಾಡಬೇಕಾದ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಇದೇ.

ಲೋಹ ಯಾಕೆ ನಂಜಿಗೆ ಮನೆಯಾಗುತ್ತೆ? ಗುಡಿಯ ಕಡೆಯಿಂದಲೇ ಹೇಳಬಹುದು, ಆದರೆ ನಮ್ಮ ಗುಡಿಯಲ್ಲ, ಅಥೆನ್ಸಿನದು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಪಾರ್ಥೆನಾನ್ ಕಲ್ಲುಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದರು. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. ಆಮೇಲೆ ಅದನ್ನು ತೆಗೆದು ಟೈಟಾನಿಯಂ ಹಾಕುತ್ತಾ ಬಂದಿದ್ದಾರೆ. ನಿಮ್ಮ ಬೆನ್ನಲ್ಲಿರುವ ಸ್ಕ್ರೂ ಕೂಡ ಬಹುಮಟ್ಟಿಗೆ ಅದೇ ಟೈಟಾನಿಯಂ. ಅದು ತುಕ್ಕು ಹಿಡಿಯುವುದಿಲ್ಲ, ಮೂಳೆ ಅದನ್ನು ಒಪ್ಪಿಕೊಳ್ಳುತ್ತೆ. ಆದರೆ ಒಂದು ಕೊರತೆ ಚಿನ್ನದಲ್ಲೇ ಮಾಡಿದರೂ ಹೋಗುವುದಿಲ್ಲ: ಲೋಹಕ್ಕೆ ರಕ್ತನಾಳವಿಲ್ಲ. ನಮ್ಮ ಕಾವಲು ಕಾಯುವ ಬಿಳಿ ರಕ್ತಕಣ ಬರುವುದು ರಕ್ತದಲ್ಲಿ, ಕೊಟ್ಟ ಔಷಧಿ ಬರುವುದೂ ರಕ್ತದಲ್ಲಿ. ರಾಡಿನ ಮೈಮೇಲೆ ಕೂತ ಕ್ರಿಮಿಗೆ ಇಬ್ಬರೂ ದೂರದ ನೆಂಟರು.

1957ರಲ್ಲಿ ಲಂಡನ್ನಿನಲ್ಲಿ ಎಲೆಕ್ ಮತ್ತು ಕಾನೆನ್ ಅನ್ನುವ ಇಬ್ಬರು, ತಾವಾಗಿ ಒಪ್ಪಿ ಬಂದವರ ಚರ್ಮದಲ್ಲಿ ಸ್ಟೆಫೈಲೋಕಾಕಸ್ ಕ್ರಿಮಿಯನ್ನು ಚುಚ್ಚಿ ನೋಡಿದರು. ಈಗಿನ ನೈತಿಕ ಸಮಿತಿಗಳು ಕೇಳಿದರೆ ಕುರ್ಚಿಯಿಂದ ಬೀಳುತ್ತವೆ, ಇರಲಿ. ಬರೀ ಚರ್ಮದಲ್ಲಿ ಕೀವಾಗಲು ಲಕ್ಷಾಂತರ ಕ್ರಿಮಿ ಬೇಕಾಯಿತು. ಅದೇ ಜಾಗದಲ್ಲಿ ಒಂದು ರೇಷ್ಮೆ ಹೊಲಿಗೆ ಇದ್ದರೆ ಕೆಲವು ನೂರು ಸಾಕಾಯಿತು. ಒಂದು ದಾರಕ್ಕೆ ಹೀಗೆ! ನಾವು ಎಂಟು ಸ್ಕ್ರೂ, ಎರಡು ರಾಡು ಇಟ್ಟು ಬರುತ್ತೇವೆ.

ಕ್ರಿಮಿ ಅಲ್ಲಿ ಹೇಗೆ ಊರುತ್ತೆ ಅನ್ನುವುದಕ್ಕೆ 1987ರಲ್ಲಿ ಆಂಥನಿ ಗ್ರಿಸ್ಟಿನಾ ಒಂದು ಮಾತು ಹೇಳಿದರು: ಲೋಹದ ಮೈ ಹಿಡಿಯಲು ನಮ್ಮ ಜೀವಕೋಶಕ್ಕೂ ಕ್ರಿಮಿಗೂ ಓಟದ ಪಂದ್ಯ. ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿದವನದೇ ಸೀಟು. ಉಳಿದವರು ಗಂಟಲು ಹರಿದುಕೊಂಡರೂ ಆಮೇಲೆ ಅವನು ಏಳುವುದಿಲ್ಲ. ಮೊದಲು ಬಂದ ಕ್ರಿಮಿ ಬರೀ ಕೂರುವುದಿಲ್ಲ, ತನ್ನ ಸುತ್ತ ಲೋಳೆಯ ಹೊದಿಕೆ ಹೆಣೆದುಕೊಳ್ಳುತ್ತೆ. ನಾವು ಬಯೋಫಿಲ್ಮ್ ಅನ್ನುತ್ತೇವೆ. ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆಯಲ್ಲ, ಪಾಚಿ ಕಟ್ಟಿದ ಅಂಥ ಮೆಟ್ಟಿಲಿನ ಮೇಲೆ ಕೊಡಗಟ್ಟಲೆ ನೀರು ಸುರಿದು ನೋಡಿ. ನೀರು ಜಾರಿ ಹೋಗುತ್ತೆ, ಪಾಚಿ ಹಾಗೇ ಇರುತ್ತೆ, ಮೇಲೆ ಕಾಲಿಟ್ಟವನು ಬೀಳುತ್ತಾನೆ. ಉಜ್ಜಲೇಬೇಕು. ಲೋಳೆಯೊಳಗಿನ ಕ್ರಿಮಿಯನ್ನು ಕೊಲ್ಲಲು ಕೆಲವೊಮ್ಮೆ ಮಾಮೂಲಿಗಿಂತ ನೂರಾರು ಪಟ್ಟು, ಸಾವಿರ ಪಟ್ಟು ಔಷಧಿ ಬೇಕಾಗುತ್ತೆ. ಅಷ್ಟು ಕೊಟ್ಟರೆ ಮೊದಲು ಹೋಗುವುದು ರೋಗಿಯ ಕಿಡ್ನಿ. ಆದ್ದರಿಂದ ಮಾತ್ರೆ ನುಂಗಿ ಸ್ಕ್ರೂ ನಂಜು ವಾಸಿಮಾಡಿಕೊಳ್ಳುತ್ತೇನೆ ಅನ್ನುವುದು ನೀರು ಸುರಿಯುವ ಕೆಲಸ.

ಎಷ್ಟು ಜನಕ್ಕೆ ಹೀಗಾಗುತ್ತೆ? ಲೋಹ ಹಾಕದೆ ಡಿಸ್ಕ್ ಮಾತ್ರ ತೆಗೆಯುವ ಸಣ್ಣ ಆಪರೇಷನ್ನಿನಲ್ಲಿ ನೂರಕ್ಕೆ ಸುಮಾರು 1. ರಾಡು ಸ್ಕ್ರೂ ಹಾಕಿದರೆ ಸಾಮಾನ್ಯವಾಗಿ ನೂರಕ್ಕೆ 2ರಿಂದ 5. ಅಪಘಾತದ ಬೆನ್ನು, ಗಂಟೆಗಟ್ಟಲೆ ನಡೆಯುವ ಸೊಟ್ಟಬೆನ್ನಿನ ಆಪರೇಷನ್ನುಗಳಲ್ಲಿ ಇನ್ನೂ ಮೇಲೆ. ಹಾಗಂತ ಬೇಕಾದ ಆಪರೇಷನ್ ಬೇಡ ಅನ್ನಬೇಡಿ. ಪುಡಿಯಾದ ಮಣಿಯನ್ನು ಹಾಗೇ ಬಿಟ್ಟು ಕಾಲು ಸ್ವಾಧೀನ ಕಳಕೊಂಡವರನ್ನು, ಮಲಗಿದಲ್ಲೇ ಬೆನ್ನು ಹುಣ್ಣಾದವರನ್ನು ನೋಡಿದವನು ನಾನು.

ಕ್ರಿಮಿ ಬರುವುದು ಎಲ್ಲಿಂದ ಅಂದರೆ ಬಹುಪಾಲು ರೋಗಿಯ ಮೈಯಿಂದಲೇ. ಸರಿಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ವಾಸವಾಗಿರುತ್ತೆ, ಅವರಿಗೆ ಏನೂ ಮಾಡುವುದಿಲ್ಲ. ಸೊಂಟದ ಕೆಳಭಾಗದ ಗಾಯಕ್ಕೆ ಕರುಳಿನ ಕ್ರಿಮಿಗಳು ಹತ್ತಿರ. ಮಲಮೂತ್ರದ ಹಿಡಿತ ಹೋದ ರೋಗಿಯಲ್ಲಿ ಇನ್ನೂ ಹತ್ತಿರ. ಥಿಯೇಟರಿನಲ್ಲಿ ನಾವು ಮಾಡಬೇಕಾದ ಕೆಲಸದ ಪಟ್ಟಿ ಉದ್ದ ಇದೆ, ಅದು ನಮ್ಮ ತಲೆನೋವು. ಎರಡು ಮಾತ್ರ ಹೇಳುತ್ತೇನೆ, ನೀವು ಕೇಳಬಹುದಾದ್ದು. ಒಂದು, ಕೊಯ್ಯುವುದಕ್ಕೆ ಮುಂಚಿನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಇಂಜೆಕ್ಷನ್ ಹೋಗಿರಬೇಕು. 1961ರಲ್ಲಿ ಜಾನ್ ಬರ್ಕ್ ಗಿನಿ ಹಂದಿಗಳ ಮೇಲೆ ತೋರಿಸಿದ್ದು ಇದನ್ನೇ. ಕ್ರಿಮಿ ಸೇರಿ ಮೂರು ಗಂಟೆ ಆದಮೇಲೆ ಕೊಟ್ಟ ಔಷಧಿ, ಕೊಡದಿದ್ದರೂ ಅಷ್ಟೇ. ನಮ್ಮಲ್ಲಿ ಐದು ದಿನ, ಹತ್ತು ದಿನ ಇಂಜೆಕ್ಷನ್ ಎಳೆದು ಬಿಲ್ ಬೆಳೆಸುವುದಕ್ಕೆ ಇರುವ ಉತ್ಸಾಹ ಆ ಮುಂಚಿನ ಒಂದು ಗಂಟೆಗೆ ಇಲ್ಲ. ಎರಡು, ಹಿಂದಿನ ರಾತ್ರಿ ಬ್ಲೇಡಿನಲ್ಲಿ ಬೆನ್ನು ಬೋಳಿಸುವುದು. ಕಣ್ಣಿಗೆ ಕಾಣದ ಗೀರು ಬಿದ್ದು ಬೆಳಿಗ್ಗೆಗೆ ಕ್ರಿಮಿ ಬೆಳೆದಿರುತ್ತೆ. ಬ್ಲೇಡು ಬೇಡವೇ ಬೇಡ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಬ್ಲೇಡು ಹಿಡಿದು ಬಂದವರಿಗೆ ಬೇಡ ಅನ್ನಿ. ಸಿಟ್ಟಾದರೆ ನನ್ನ ಹೆಸರು ಹೇಳಿ.

ಇನ್ನು ನಂಜು ಅನ್ನುವ ಮಾತು. ಡಾಕ್ಟರಿಗೆ ನಂಜು ಅಂದರೆ ಕ್ರಿಮಿ. ನಮ್ಮ ಅಜ್ಜಿಗೆ ನಂಜು ಅಂದರೆ ಬದನೆಕಾಯಿ. ಬದನೆ ನಂಜು, ಕುಂಬಳ ನಂಜು, ಆಲೂಗಡ್ಡೆ ವಾಯು, ಮೊಟ್ಟೆ ಕೀವು, ಮೀನು ಕೇಳುವುದೇ ಬೇಡ. ಆಪರೇಷನ್ ಆದವನಿಗೆ ಮೂರು ತಿಂಗಳು ಮೆಣಸಿನ ಸಾರು, ಅನ್ನ, ಒಂದು ಹಪ್ಪಳ. ಗಾಯ ಕೂಡುವುದು ಪ್ರೋಟೀನಿನಿಂದ. ರಕ್ತದ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಮಿಗಿಂತ ಕೆಳಗಿಳಿದವರಲ್ಲಿ ಗಾಯ ಬಿಚ್ಚುವುದೂ ನಂಜಾಗುವುದೂ ಹೆಚ್ಚು. ಗಾಯಕ್ಕೆ ನಂಜಾಗದಿರಲಿ ಅಂತ ಮಾಡಿದ ಪಥ್ಯವೇ ನಂಜಿಗೆ ದಾರಿ ಮಾಡುತ್ತೆ. ಒಮ್ಮೆ ವಾರ್ಡಿನಲ್ಲಿ ಮೊಟ್ಟೆ ತಿನ್ನಿ ಅಂದಾಗ ಒಬ್ಬ ಅಜ್ಜಿ ನನ್ನನ್ನೇ ತಿರುಗಿ ಕೇಳಿದರು, 'ಅಲ್ಲ ಕಣಪ್ಪ, ಕೀವಾದ್ರೆ ನೀನ್ ಬರ್ತೀಯೋ, ನಿನ್ ಮೊಟ್ಟೆ ಬತ್ತದೋ?' ಉತ್ತರ ಹೊಳೆಯಲಿಲ್ಲ. ಅಂದಿನಿಂದ ಜಗಳಕ್ಕೆ ಹೋಗುವುದು ಬಿಟ್ಟೆ. ಮೊಟ್ಟೆ ಬೇಡವಾ, ಹುರುಳಿ ಕಟ್ಟಿನ ಸಾರು ಮಾಡಿ. ಅವರೆಕಾಳು, ಕಡ್ಲೆಬೀಜ, ಹಾಲು ಕೊಡಿ ಅನ್ನುತ್ತೇನೆ. ಆ ಅಜ್ಜಿಯ ಕೋಪದಲ್ಲೂ ಒಂದು ನ್ಯಾಯವಿತ್ತು: ಕೀವಾದಾಗ ಡಾಕ್ಟರು ಬರುವುದಿಲ್ಲ ಅನ್ನುವುದು ಅವರ ಅನುಭವ.

ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಎಚ್‌ಬಿಎ1ಸಿ ಮಾಡಿಸಿಕೊಂಡೇ ಬೆನ್ನು ತೋರಿಸಲಿ. ಬೀಡಿ ಸೇದುವವರು ಕಡೇಪಕ್ಷ ಒಂದು ತಿಂಗಳು ಮೊದಲೇ ಬಿಡಬೇಕು. ಏಣಿಯಿಂದ ಬಿದ್ದವನಿಗೆ ಒಂದು ತಿಂಗಳ ಟೈಮು ಎಲ್ಲಿದೆ ಅನ್ನುತ್ತೀರಿ. ನಿಜ. ಬಿದ್ದ ಬೆನ್ನುಗಳಲ್ಲಿ ನಂಜು ಜಾಸ್ತಿಯಾಗುವುದಕ್ಕೆ ಅದೂ ಒಂದು ಕಾರಣ.

ಗುರುತಿಸುವುದು ಹೇಗೆ? ಆರಿಯಸ್ ತರಹದ ಜೋರು ಕ್ರಿಮಿಯಾದರೆ ಎರಡರಿಂದ ನಾಲ್ಕು ವಾರದಲ್ಲಿ ತಾನೇ ಕೂಗಿಕೊಳ್ಳುತ್ತೆ: ಜ್ವರ, ಕೆಂಪು, ಕೀವು. ಎಲ್ಲ ಸಲ ಹಾಗಾಗುವುದಿಲ್ಲ ಅನ್ನುವುದೇ ಕಷ್ಟ. ಬೆನ್ನಿನಲ್ಲಿ ಚರ್ಮ, ಕೊಬ್ಬು, ಅದರ ಕೆಳಗೆ ಗಟ್ಟಿ ಪೊರೆ, ಮಾಂಸ, ಆಮೇಲೆ ಲೋಹ. ಮೇಲಿನ ಹೊಲಿಗೆ ಚೆಂದ ಕೂಡಿಕೊಂಡಿರುತ್ತೆ, ಕೆಳಗೆ ಕೀವು ತುಂಬಿರುತ್ತೆ. ಹೊರಗೆ ಬರುವ ಗುರುತು ಒಂದೇ: ಗಾಯದ ಉದ್ದದಲ್ಲಿ ಒಂದು ಜಾಗ ಒಣಗುವುದಿಲ್ಲ. ಡ್ರೆಸಿಂಗ್ ಬಿಚ್ಚಿದರೆ ಅಲ್ಲೊಂದು ಹಸಿ. ಐದಾರು ದಿನ ಕಳೆದ ಮೇಲೂ ಒಸರುವ ಬೆನ್ನಿನ ಗಾಯ ಅಂದರೆ ಒಳಗೆ ನಂಜಿದೆ ಅಂತಲೇ ಹಿಡಿದು, ಇಲ್ಲ ಅಂತ ಸಾಬೀತು ಮಾಡಬೇಕು. ಇನ್ನೊಂದು ಗುರುತು ನೋವು. ಕಡಿಮೆಯಾಗುತ್ತಾ ಬಂದ ನೋವು ಮೂರನೇ ವಾರದಲ್ಲಿ ತಿರುಗಿ ಬಂದು ರಾತ್ರಿ ನಿದ್ದೆಗೆಡಿಸಿದರೆ, ಗಾಯ ಒಣಗಿದ್ದರೂ ಬನ್ನಿ. ಸಿಆರ್‌ಪಿ ಅನ್ನುವ ರಕ್ತಪರೀಕ್ಷೆ ಇದೆ. ಆಪರೇಷನ್ ಆದ ಎರಡು ಮೂರನೇ ದಿನ ತುದಿ ಮುಟ್ಟಿ, ಸುಮಾರು ಎರಡು ವಾರದಲ್ಲಿ ಇಳಿದುಹೋಗುತ್ತೆ. ಇಳಿದದ್ದು ಮತ್ತೆ ಏರಿದರೆ ಏನೋ ಇದೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಗಿಟುಕಾಗಿದೆಯೋ ಇಲ್ಲವೋ ಹೇಳುವ ಊರಿದು. ನಮಗೆ ಆ ಸಿಆರ್‌ಪಿಯೇ ಅಲ್ಲಾಡಿಸಿ ಕೇಳುವ ಕಾಯಿ.

ಚರ್ಮದ ಎಣ್ಣೆಗ್ರಂಥಿಗಳಲ್ಲಿರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಸೋಮಾರಿ ಕ್ರಿಮಿಯ ಕಥೆ ಬೇರೆ. ಅದು ತಿಂಗಳು, ವರ್ಷ ಬಿಟ್ಟು ಎದ್ದು ಬರುತ್ತೆ. ಜ್ವರವಿಲ್ಲ, ಸಿಆರ್‌ಪಿ ಏರುವುದೂ ಅನುಮಾನ. ಒಂದು ಮಂದ ನೋವು, ಸಡಿಲವಾದ ಸ್ಕ್ರೂ. ಲ್ಯಾಬಿನವರು ಮಾಮೂಲಿನಂತೆ ಕೆಲವೇ ದಿನ ನೋಡಿ 'ಏನೂ ಬೆಳೆದಿಲ್ಲ' ಅಂತ ತಟ್ಟೆ ಎಸೆದರೆ ಕಥೆ ಮುಗಿಯಿತು. ಅದು ಬೆಳೆಯಲು ಎರಡು ವಾರ ಬೇಕಾಗಬಹುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ ಇಂಥ ಆಪರೇಷನ್ ಆದಮೇಲೆ 90 ದಿನ ಗಾಯದ ಮೇಲೆ ಕಣ್ಣಿಡಬೇಕು; ಹಿಂದೆ ಒಂದು ವರ್ಷ ಅನ್ನುತ್ತಿದ್ದರು. ಈ ಸೋಮಾರಿಯನ್ನು ನೆನೆದಾಗ ಹಿಂದಿನ ಲೆಕ್ಕವೇ ಸರಿಯಿತ್ತು ಅನಿಸುತ್ತೆ.

ನಿಮ್ಮ ಮೆಡಿಕಲ್ ಸ್ಟೋರಿನವರಿಗೂ ಒಂದು ಮಾತು. ಗಾಯ ಒಸರುತ್ತಿದೆ ಅಂತ ಬಂದವರಿಗೆ ಐದು ಆಂಟಿಬಯೋಟಿಕ್ ಮಾತ್ರೆ ಕಟ್ಟಿಕೊಡಬೇಡಿ. ಒಸರುವುದು ನಾಲ್ಕು ದಿನ ನಿಲ್ಲುತ್ತೆ, ಎಲ್ಲರಿಗೂ ಸಮಾಧಾನ. ಒಳಗಿನ ಕ್ರಿಮಿ ಸಾಯುವುದಿಲ್ಲ, ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರಿನಲ್ಲಿ ಸಿಕ್ಕುವುದೂ ಇಲ್ಲ. ಒಣಗದ ಗಂಧವನ್ನು ಬೆಂಕಿ ಹಿಡಿದು ಒಣಗಿಸಿದ ಹಾಗೆ.

ನಂಜು ಸಿಕ್ಕಿತು ಅಂದರೆ ಸ್ಕ್ರೂ ತೆಗೀತೀರಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ವಾರಗಳಲ್ಲಿ ಸಿಕ್ಕಿದರೆ ತೆಗೆಯುವುದಿಲ್ಲ. ಮೂಳೆ ಕೂಡಿಲ್ಲ, ತೆಗೆದರೆ ಬೆನ್ನು ಕುಸಿಯುತ್ತೆ. ಅಲ್ಲಾಡುವ ಮೂಳೆಯಲ್ಲಿ ನಂಜೂ ವಾಸಿಯಾಗುವುದಿಲ್ಲ. ಲೋಳೆ ಇನ್ನೂ ಎಳೆಯದಾಗಿರುತ್ತೆ. ಗಾಯ ತೆರೆದು, ಸತ್ತ ಮಾಂಸ ತೆಗೆದು, ಲೀಟರ್‌ಗಟ್ಟಲೆ ಸಲೈನಿನಲ್ಲಿ ತೊಳೆದು ಉಜ್ಜಿ, ಕ್ರಿಮಿಗೆ ತಕ್ಕ ಔಷಧಿಯನ್ನು ವಾರಗಟ್ಟಲೆ ಕೊಡುತ್ತೇವೆ. ಮೂಳೆ ಕೂಡಿದ ಮೇಲೆ ಸಿಕ್ಕಿದರೆ ಊರುಗೋಲಿನ ಕೆಲಸ ಮುಗಿದಿರುತ್ತೆ, ಲೋಹ ತೆಗೆದುಬಿಟ್ಟರೆ ನಂಜಿಗೆ ಮನೆಯೇ ಇಲ್ಲ. ನಡುವೆ ಸಿಕ್ಕಿದರೆ ಡಾಕ್ಟರಿಗೂ ನಿದ್ದೆ ಇಲ್ಲ.

ಕೊನೆಗೆ ಒಂದು ನನ್ನದೇ ಕೇಸು. ಆಸ್ಪತ್ರೆಯ ಹೆಸರು ಬೇಡ, ತಪ್ಪು ನನ್ನದು. ಬೇಲೂರು ಕಡೆಯ ತೋಟದಲ್ಲಿ ಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ದವನು, ಮೂವತ್ತು ದಾಟಿದ ಗಟ್ಟಿ ಆಳು. ಸೊಂಟದ ಮೊದಲ ಮಣಿ ಪುಡಿ. ಎಂಟು ಸ್ಕ್ರೂ ಹಾಕಿದೆ. ಎಕ್ಸ್‌ರೇ ನೋಡಿದ ಜೂನಿಯರ್‌ಗಳು ಫೋಟೋ ತೆಗೆದುಕೊಂಡರು. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿ ಕಳಿಸಿದೆ. ಎರಡು ದಿನ ಬಿಟ್ಟು ಅವನ ಹೆಂಡತಿ ಫೋನ್ ಮಾಡಿದಳು. 'ಸಾರ್, ದಿನಾ ಬೆಳಿಗ್ಗೆ ಬನೀನು ರೂಪಾಯಗಲ ಹಸಿ ಆಯ್ತದೆ. ಒಂದೇ ಜಾಗದಲ್ಲಿ.' ಅವಳು ಹೇಳಿದ್ದು ಅಷ್ಟೇ, ಆದರೆ ಪೂರ್ತಿ ಹೇಳಿದ್ದಳು. ನಾನು, 'ಏನೂ ಆಗಲ್ಲಮ್ಮ, ಹೊಲಿಗೆ ಜಾಗ ಸ್ವಲ್ಪ ಒಸರುತ್ತೆ, ಸೆಕೆ ಬೇರೆ' ಅಂದೆ. ಊರಿನ ನರ್ಸಮ್ಮ ಬನೀನಿನ ಕಲೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ತಾರೀಖು ಬರೆದು, ಮೂರು ದಿನದ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರು. ನೋಡಿದೆ. ಹೆಬ್ಬೆರಳೆತ್ತಿದ ಚಿತ್ರ ಹಾಕಿದೆ. ಹತ್ತೊಂಬತ್ತನೇ ದಿನ ಚಳಿಜ್ವರದಲ್ಲಿ ಅವನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಚರ್ಮ ತೆರೆದಾಗ ಮೇಲೆ ಏನೂ ಇರಲಿಲ್ಲ. ಗಟ್ಟಿ ಪೊರೆಯ ಹೊಲಿಗೆ ಕತ್ತರಿಸಿದ ಕ್ಷಣ ಎರಡು ರಾಡುಗಳ ಉದ್ದಕ್ಕೂ ನಿಂತಿದ್ದ ಕೀವು ನನ್ನ ಗ್ಲೌಸಿನ ಮೇಲೆ ಹರಿಯಿತು.

ಎರಡು ಸಲ ತೊಳೆದೆವು. ಆರು ವಾರ ನರಕ್ಕೆ ಇಂಜೆಕ್ಷನ್, ಆಮೇಲೆ ಮಾತ್ರೆ. ಗದ್ದೆ ಅಡವಿಟ್ಟರು. ಸ್ಕ್ರೂ ಉಳಿಯಿತು, ಕಾಲೂ ಉಳಿಯಿತು. ಒಂದೂವರೆ ವರ್ಷದ ಮೇಲೆ ಮೂಳೆ ಕೂಡಿದ್ದು ನೋಡಿ ಲೋಹ ತೆಗೆದೆ. ಈಗ ಅವನು ಏಣಿ ಹತ್ತುವುದಿಲ್ಲ, ಕಣದಲ್ಲಿ ಮೆಣಸು ಒಣಗಿಸುವುದನ್ನು ನೋಡಿಕೊಳ್ಳುತ್ತಾನೆ.

ಲೋಹ ತೆಗೆದು ಡಿಸ್ಚಾರ್ಜ್ ಮಾಡುವ ದಿನ ಹೆಂಡತಿ ಹಳೆಯ ಫೈಲು ಹಿಡಿದುಕೊಂಡು ಬಂದಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. 'ಸಾರ್, ಅವತ್ತು ನಾನು ಫೋನಲ್ಲಿ ಹೇಳಿದ್ನಲ್ಲ, ಬನೀನಿಂದು. ಅದನ್ನ ಇದ್ರಲ್ಲಿ ಎಲ್ಲಿ ಬರ್ದಿದೀರಿ, ತೋರ್ಸಿ' ಅಂದಳು. ಫೈಲು ತಿರುವಿದೆ. ಹೊಲಿಗೆ ಬಿಚ್ಚಿದ ದಿನದ ಹಾಳೆಯಲ್ಲಿ ನನ್ನ ಕೈಬರಹದಲ್ಲಿ 'ಗಾಯ ಚೆನ್ನಾಗಿದೆ' ಅಂತ ಇತ್ತು. ಅದರ ಮುಂದಿನ ಹಾಳೆ ಹತ್ತೊಂಬತ್ತನೇ ದಿನದ್ದು.